‘ಪಾಪ’ ಅನ್ನೋದನ್ನು ಬಿಟ್ಟ ಮೇಲೆ

(ಒಂದು ಭಾನುವಾರ ಮಧ್ಯಾಹ್ನ ನಮ್ಮ ಕೆಥೋಲಿಕ್ ಧರ್ಮಕೇಂದ್ರದ ಹಾಲ್‌ನಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಪಕ್ಕದ ರಸ್ತೆಯ ಸಿಎಸ್‌ಐ (ಪ್ರಾಟೆಸ್ಟೆಂಟ್) ಸಭೆಯವರೂ ಬಂದಿದ್ದರು. ಅವತ್ತು ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು ಇದು. ಯಾರಿಗಾದರೂ ತೂಕಡಿಕೆ ಬಂದರೆ ನನಗೇನೂ ಬೇಜಾರಿಲ್ಲ.

ನನ್ನ ತಮ್ಮನನ್ನು ನೀವೆಲ್ಲ ನೋಡಿದ್ದೀರಿ. ಬೆಳಿಗ್ಗೆ ಎಂಟರ ಪೂಜೆಗೆ ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಕೊಡುವವನು ಅವನೇ. ಈ ಹಾಲ್‌ನಲ್ಲಿ ಏನೇ ಕಾರ್ಯಕ್ರಮ ಮುಗಿದರೂ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿಡುವವನೂ ಅವನೇ. ಒಂದು ಸಾಲಿಗೆ ಹತ್ತು ಕುರ್ಚಿ. ಹನ್ನೊಂದನೆಯದನ್ನು ನೀವು ಇಟ್ಟರೆ ತೆಗೆದು ಕೆಳಗಿಡುತ್ತಾನೆ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ವಯಸ್ಸು 42. ಅವನನ್ನು ನೋಡಿದ ಕೂಡಲೇ ನಮ್ಮ ಜನರ ಬಾಯಲ್ಲಿ ಬರುವ ಮೊದಲ ಮಾತು ಯಾವುದು, ಹೇಳಿ ನೋಡೋಣ.

ಹೌದು, ‘ಪಾಪ’.

ಕನ್ನಡದಲ್ಲಿ ಇದೊಂದು ವಿಚಿತ್ರ ಪದ. ತಪ್ಪು ಮಾಡಿದರೂ ಪಾಪ, ಕನಿಕರ ಬಂದರೂ ಪಾಪ. ಕೊನೆಗೊಂದು ಕೊಂಬು ಹಾಕಿದರೆ ಪಾಪು. ನನ್ನ ತಮ್ಮ ಈ ಮೂರನ್ನೂ ನೋಡಿದ್ದಾನೆ. ಅವನು ಹುಟ್ಟಿದಾಗ ನೆಂಟರು ‘ಯಾರು ಮಾಡಿದ ಪಾಪವೋ’ ಅಂದರಂತೆ. ಅಮ್ಮ ಅದನ್ನು ಸಾಯುವವರೆಗೂ ಮರೆಯಲಿಲ್ಲ. ಯೋಹಾನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಶಿಷ್ಯರು ಕೇಳುವುದೂ ಇದನ್ನೇ. ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಅನ್ನುತ್ತಾರೆ. ಯೇಸು ಇಬ್ಬರೂ ಅಲ್ಲ ಅಂದುಬಿಟ್ಟರು. ಆ ಉತ್ತರ ನಮ್ಮ ನೆಂಟರ ಮನೆಗೆ ಇನ್ನೂ ತಲುಪಿಲ್ಲ. ಆಮೇಲೆ ಕನಿಕರದ ಪಾಪ ಶುರುವಾಯಿತು. ಅದು ಇವತ್ತಿಗೂ ನಿಂತಿಲ್ಲ. ಪಾಪ ಪಾಪ ಅನ್ನುತ್ತಲೇ ಅವನನ್ನು ಪಾಪು ಮಾಡಿ ಕೂರಿಸಿಬಿಟ್ಟೆವು. ಈಗಲೂ ಕೆನ್ನೆ ಹಿಂಡಿ ‘ದೇವರ ಮಗು’ ಅನ್ನುವವರಿದ್ದಾರೆ. ಆ ಕೆನ್ನೆಗೆ ದಿನ ಬಿಟ್ಟು ದಿನ ಶೇವ್ ಮಾಡಬೇಕು ಕಣ್ರೀ!

ಹಾಗಾಗಿ ನಾನು ಇವತ್ತು ಮಕ್ಕಳ ಬಗ್ಗೆ ಮಾತಾಡುವುದಿಲ್ಲ. ದೊಡ್ಡವರ ಬಗ್ಗೆ ಮಾತಾಡುತ್ತೇನೆ.

ಮೊದಲು ಒಂದು ಹೆಸರಿನ ಗೊಂದಲ. ಬ್ರಿಟನ್ನಿನ ಚರ್ಚುಗಳಲ್ಲಿ ‘ಲರ್ನಿಂಗ್ ಡಿಸೆಬಿಲಿಟಿ’ ಅಂದರೆ ನನ್ನ ತಮ್ಮನಂಥವರು. ನಮ್ಮಲ್ಲಿ ಅದೇ ಮಾತು ಹೇಳಿದರೆ ಟೀಚರ್‌ಗಳು ಓದು ಬರಹದಲ್ಲಿ ತೊಡಕಿರುವ ಮಕ್ಕಳು, ಡಿಸ್‌ಲೆಕ್ಸಿಯಾ ಅಂದುಕೊಳ್ಳುತ್ತಾರೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಇವೆರಡೂ ಬೇರೆ ಬೇರೆ. ನಾನು ಹೇಳುತ್ತಿರುವುದು ಬೌದ್ಧಿಕ ಅಂಗವೈಕಲ್ಯದ ಬಗ್ಗೆ. ಹಳಬರು ಬುದ್ಧಿಮಾಂದ್ಯ ಅನ್ನುತ್ತಾರೆ. ನನಗೆ ಆ ಪದ ಇಷ್ಟ ಇಲ್ಲ. ಆದರೆ ಆಫೀಸುಗಳಲ್ಲಿ ಅದನ್ನು ಹೇಳದಿದ್ದರೆ ಫೈಲ್ ಮುಂದೆ ಹೋಗುವುದಿಲ್ಲ.

ವಿಶೇಷ ಶಾಲೆಗಳ ವಿಷಯದಲ್ಲಿ ನಮ್ಮ ಸಿಸ್ಟರ್‌ಗಳನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಶಾಲೆಗೆ ಒಂದು ವಯಸ್ಸಿದೆ. ಆಮೇಲೆ ಮನೆ, ಟಿವಿ, ಅಮ್ಮ. ಚರ್ಚಿನಲ್ಲಿ ಯುವಕರ ಕೂಟ ಇದೆ, ತಾಯಂದಿರ ಸಂಘ ಇದೆ, ಗಾಯನ ತಂಡ ಇದೆ. ಮೂವತ್ತು ದಾಟಿದ ಇಂಥವರಿಗೆ ಇರುವುದು ಕ್ರಿಸ್‌ಮಸ್‌ಗೊಂದು ಕೇಕು, ಒಂದು ಟೀ ಶರ್ಟು, ಒಂದು ಗ್ರೂಪ್ ಫೋಟೊ. ಆ ಫೋಟೊದಲ್ಲಿ ಅವರ ಹಿಂದೆ ನಿಂತ ನಾವು ಭಾರಿ ಖುಷಿಯಾಗಿ ಕಾಣುತ್ತೇವೆ.

ತಮ್ಮನ ಪರಮ ಪ್ರಸಾದದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ ಕತೆ ಹೇಳುತ್ತೇನೆ. ಆಗ ನಾವು ಬೇರೆ ಊರಲ್ಲಿದ್ದೆವು. ಅವನಿಗೆ ಹತ್ತು ವರ್ಷ ಇರಬಹುದು. ಅಮ್ಮ ಧರ್ಮೋಪದೇಶದ ತರಗತಿಗೆ ಕರೆದುಕೊಂಡು ಹೋದರು. ‘ಅವನಿಗೆ ಅರ್ಥ ಆಗಲ್ಲಮ್ಮ, ಅವನು ಹೇಗಿದ್ದರೂ ಸ್ವರ್ಗಕ್ಕೆ ಹೋಗ್ತಾನೆ, ಬಿಡಿ’ ಅಂದರು ಅಲ್ಲಿನವರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಸ್ವರ್ಗಕ್ಕೆ ಸೀಟು ಗ್ಯಾರಂಟಿ, ಆದರೆ ಪೂಜೆಯ ಸಾಲಿನಲ್ಲಿ ಜಾಗ ಇಲ್ಲ! ಹದಿಮೂರು ವರ್ಷ ಅವನು ಬೆಂಚಿನಲ್ಲೇ ಕೂತ. ನಾವು ಎದ್ದು ಹೋಗುವಾಗ ನಮ್ಮ ಬ್ಯಾಗು ಕಾಯುತ್ತಿದ್ದ.

ಆಮೇಲೆ ಗೊತ್ತಾಯಿತು, ಚರ್ಚಿನ ನಿಯಮ ಅಷ್ಟು ಬಿಗಿಯಾಗಿಲ್ಲ ಅಂತ. 1910ರಲ್ಲೇ ಹತ್ತನೇ ಪಯಸ್ ಪೋಪ್, ಮಕ್ಕಳಿಗೆ ಪೂರ್ತಿ ಪಾಠ ಬಾಯಿಗೆ ಬರಬೇಕಿಲ್ಲ, ಈ ರೊಟ್ಟಿ ಮಾಮೂಲಿ ರೊಟ್ಟಿಯಲ್ಲ ಅನ್ನುವಷ್ಟು ತಿಳಿದರೆ ಸಾಕು ಎಂದಿದ್ದರು. 1995ರಲ್ಲಿ ಅಮೆರಿಕದ ಬಿಷಪ್‌ಗಳು ಇನ್ನೂ ಬಿಡಿಸಿ ಹೇಳಿದರು. ಆ ತಿಳಿವಳಿಕೆಯನ್ನು ಬಾಯಲ್ಲೇ ಹೇಳಬೇಕಿಲ್ಲ. ನಡವಳಿಕೆಯಲ್ಲಿ, ಒಂದು ಸನ್ನೆಯಲ್ಲಿ, ಭಕ್ತಿಯಿಂದ ಸುಮ್ಮನಿರುವುದರಲ್ಲಿ ಕಂಡರೂ ಸಾಕು. ಈ ಊರಿಗೆ ಬಂದ ಮೇಲೆ ಇಲ್ಲಿನ ಫಾದರ್ ಒಬ್ಬರು ತಮ್ಮನಿಗೆ ಒಂದೂ ಪ್ರಶ್ನೆ ಕೇಳಲಿಲ್ಲ. ನಾಲ್ಕು ಭಾನುವಾರ ಸುಮ್ನೆ ಅವನನ್ನು ಗಮನಿಸಿದರು. ಪೂಜೆಯಲ್ಲಿ ರೊಟ್ಟಿ ಎತ್ತುವ ಹೊತ್ತಿಗೆ ಅವನು ಚಪ್ಪಲಿ ಕಳಚಿ ಬೆಂಚಿನ ಕೆಳಗೆ ಸರಿಸುತ್ತಿದ್ದ. ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ. ಹದಿಮೂರು ವರ್ಷ ಪಕ್ಕದಲ್ಲೇ ಕೂತಿದ್ದ ನಮ್ಮ ಕಣ್ಣಿಗೂ ಅದು ಬಿದ್ದಿರಲಿಲ್ಲ. 23ನೇ ವಯಸ್ಸಿಗೆ ಅವನಿಗೆ ಮೊದಲ ಪರಮ ಪ್ರಸಾದ ಸಿಕ್ಕಿತು. ಅವತ್ತು ಬ್ಯಾಗು ಕಾದಿದ್ದು ನಾನು.

ಈಗ ಸ್ವಲ್ಪ ದೂರ ಹೋಗೋಣ, ಫ್ರಾನ್ಸಿಗೆ. ಅಲ್ಲಿ ಟ್ರೊಲಿ ಬ್ರಯ್ ಅಂತ ಒಂದು ಹಳ್ಳಿ. 1964ರ ಆಗಸ್ಟ್‌ನಲ್ಲಿ ಜಾನ್ ವಾನಿಯೆ ಎಂಬ ಕೆನಡಾದವರು ಅಲ್ಲಿ ಒಂದು ಹಳೇ ಮನೆ ತಗೊಂಡರು. ಮೊದಲು ನೌಕಾಪಡೆಯಲ್ಲಿದ್ದವರು, ಆಮೇಲೆ ತತ್ವಶಾಸ್ತ್ರ ಓದಿದವರು. ಎತ್ತರದ ಗೋಡೆಯೊಳಗಿನ ಒಂದು ಸಂಸ್ಥೆಯಲ್ಲಿ ಇಟ್ಟಿದ್ದ, ಬೌದ್ಧಿಕ ವೈಕಲ್ಯ ಇದ್ದ ರಫಾಯಲ್ ಸಿಮಿ, ಫಿಲಿಪ್ ಸ್ಯೂ ಎಂಬ ಇಬ್ಬರನ್ನು ಕರೆತಂದು ಜೊತೆಗೇ ಇರತೊಡಗಿದರು. ಮೂರನೆಯವರೊಬ್ಬರೂ ಬಂದಿದ್ದರು. ಅವರಿಗೆ ಆ ಮನೆ ಒಗ್ಗಲಿಲ್ಲ, ವಾಪಸ್ ಕಳಿಸಬೇಕಾಯಿತು. ಆ ಮೂರನೆಯವರನ್ನು ನಾನು ಬೇಕಂತಲೇ ನೆನಪಿಸುತ್ತೇನೆ. ಇಂಥ ಕತೆಗಳಲ್ಲಿ ಎಲ್ಲವೂ ಸಲೀಸಾಗಿ ನಡೆದ ಹಾಗೆ ಹೇಳುವುದು ನಮಗೆ ಅಭ್ಯಾಸ.

ಆ ಮನೆಗೆ ‘ಲಾರ್ಶ್’ ಅಂತ ಹೆಸರಿಟ್ಟರು. ಅಂದರೆ ನಾವೆ, ನೋಹನ ನಾವೆ. ಈಗ ಸುಮಾರು 40 ದೇಶಗಳಲ್ಲಿ 150ಕ್ಕೂ ಜಾಸ್ತಿ ಇಂಥ ಸಮುದಾಯಗಳಿವೆ. ಇವು ಆಸ್ಪತ್ರೆಗಳಲ್ಲ, ಹಾಸ್ಟೆಲ್‌ಗಳೂ ಅಲ್ಲ. ವೈಕಲ್ಯ ಇರುವವರು, ಇಲ್ಲದವರು ಒಟ್ಟಿಗೆ ಇರುವ ಮನೆಗಳು. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಜಗಳ, ರಾಜಿ, ಹುಟ್ಟುಹಬ್ಬ, ಎಲ್ಲವೂ ಒಟ್ಟಿಗೆ. ಸಂಜೆ ಒಂದು ಮೇಣದಬತ್ತಿ ಕೈಯಿಂದ ಕೈಗೆ ಹೋಗುತ್ತದೆ. ಯಾರ ಕೈಗೆ ಬಂತೋ ಅವರು ಪ್ರಾರ್ಥನೆ ಮಾಡಬಹುದು. ಮಾತು ಬಾರದವರು ಅದನ್ನು ಹಿಡಿದು ಸುಮ್ಮನೆ ಕೂರಬಹುದು. ಎಲ್ಲರೂ ಕಾಯುತ್ತಾರೆ.

ಭಾರತದ ಮೊದಲ ಮನೆ ಎಲ್ಲಿ ಶುರುವಾಯಿತು ಗೊತ್ತಾ? ನಮ್ಮ ಬೆಂಗಳೂರಿನಲ್ಲಿ, 1970ರಲ್ಲಿ. ಹೆಸರು ಆಶಾ ನಿಕೇತನ. ಆಮೇಲೆ ಕೋಲ್ಕತ್ತ, ಚೆನ್ನೈ, ಕೇರಳಕ್ಕೂ ಹೋಯಿತು. ಫ್ರಾನ್ಸಿನಲ್ಲಿ ಕೆಥೋಲಿಕ್ ಮನೆಯಾಗಿ ಹುಟ್ಟಿದ್ದು ಇಲ್ಲಿಗೆ ಬಂದಾಗ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಒಂದೇ ಸೂರಿನಡಿ ಇರುವ ಮನೆಯಾಯಿತು. ಕ್ರೈಸ್ತರು ‘ಸೇವೆ’ ಅಂದ ಕೂಡಲೇ ‘ಅದರ ಹಿಂದೆ ಏನಿದೆ’ ಅಂತ ಹುಬ್ಬೇರಿಸುವ ಕಾಲ ಇದು. ಅದಕ್ಕೇ ಹೇಳುತ್ತಿದ್ದೇನೆ. ಅಲ್ಲಿ ಅವರವರ ದೇವರು ಅವರವರಿಗೆ. ಊಟದ ಮೇಜು ಮಾತ್ರ ಎಲ್ಲರಿಗೂ ಒಂದೇ.

ವಾನಿಯೆ ಹೆಸರು ಹೇಳಿದೆ. ಹೇಳಿದ ಮೇಲೆ ಪೂರ್ತಿ ಹೇಳಬೇಕು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಸಂತ ಅಂತಲೇ ಬರೆದರು. ಮರುವರ್ಷ ಫೆಬ್ರವರಿಯಲ್ಲಿ ಲಾರ್ಶ್ ಸಂಸ್ಥೆಯೇ ಒಂದು ತನಿಖೆಯ ವರದಿ ಹೊರಗೆ ಹಾಕಿತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಲ್ಲಿ ಅವರು ಆರು ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರು. 2023ರ ಜನವರಿಯಲ್ಲಿ ಬಂದ ದೊಡ್ಡ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ 25ಕ್ಕೆ ಏರಿತು. ಅವರ ಗುರು ತೊಮಾ ಫಿಲಿಪ್ ಎಂಬ ಪಾದ್ರಿಗೆ ಇಂಥದ್ದೇ ಕಾರಣಕ್ಕೆ ರೋಮ್ 1956ರಲ್ಲೇ ಶಿಕ್ಷೆ ಕೊಟ್ಟಿತ್ತು. ಆ ಮಹಿಳೆಯರಲ್ಲಿ ಬೌದ್ಧಿಕ ವೈಕಲ್ಯ ಇದ್ದವರು ಯಾರೂ ಇರಲಿಲ್ಲ. ಹಾಗಂತ ಸಮಾಧಾನ ಪಡುವ ವಿಷಯ ಇದಲ್ಲ.

ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅವರ ಮಾತುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿದ್ದೆ. ಈಗ ಅದನ್ನು ತೆಗೆಯುವುದಿಲ್ಲ. ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಸೇವೆ ಮಾಡುವವರನ್ನು ನಾವು ಬಹಳ ಬೇಗ ಸಂತರನ್ನಾಗಿ ಮಾಡುತ್ತೇವೆ. ‘ಅಯ್ಯೋ ನಿಮ್ಮ ತಾಳ್ಮೆ!’ ಅನ್ನುತ್ತೇವೆ. ನನಗೂ ಅನ್ನುತ್ತಾರೆ. ಸಂತರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ, ಅಲ್ವಾ? ಅಪಾಯ ಇರುವುದು ಅಲ್ಲೇ. ನನ್ನ ತಮ್ಮನಂಥ ದೊಡ್ಡವರಿಗಾಗಿ ನಾವು ಇಲ್ಲಿ ಒಂದು ಬಳಗ ಕಟ್ಟುವುದಾದರೆ ಮೊದಲ ನಿಯಮ ಇದು: ಯಾರೂ ಯಾರ ಜೊತೆಗೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಫಾದರ್ ಆಗಲಿ, ಪಾಸ್ಟರ್ ಆಗಲಿ, ನಾನೇ ಆಗಲಿ. ‘ಬೇಡ’ ಅನ್ನುವುದನ್ನು ಇವರಿಗೆ ಕಲಿಸಬೇಕು. ಅವರು ಬೇಡ ಅಂದಾಗ ನಾವು ಕೇಳಬೇಕು. ಅಪ್ಪಿಕೊಳ್ಳೋದು ಬೇಡ ಅಂದರೂ ಸರಿ, ಕೆನ್ನೆ ಹಿಂಡೋದು ಬೇಡ ಅಂದರೂ ಸರಿ.

ಆ ಮನೆಗಳ ಎಲ್ಲವನ್ನೂ ಎಸೆಯಬೇಕಾ? ಬೇಡ ಅನ್ನಿಸುತ್ತದೆ. ಅಲ್ಲಿನ ಒಂದು ರೂಢಿ ನನಗೆ ಬಹಳ ಮುಖ್ಯ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ನಮ್ಮಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ, ನಾವು ಕೂತು ನೋಡುತ್ತೇವೆ. ಲಾರ್ಶ್ ಮನೆಗಳಲ್ಲಿ ಎಲ್ಲರೂ ದುಂಡಗೆ ಕೂರುತ್ತಾರೆ. ಒಬ್ಬರು ಪಕ್ಕದವರ ಕಾಲು ತೊಳೆದು ಒರೆಸುತ್ತಾರೆ. ತೊಳೆಸಿಕೊಂಡವರು ತೊಳೆದವರ ತಲೆ ಮೇಲೆ ಕೈಯಿಟ್ಟು ಅವರಿಗಾಗಿ ಪ್ರಾರ್ಥಿಸುತ್ತಾರೆ. ಆಮೇಲೆ ತಾವೇ ಬಗ್ಗಿ ಮುಂದಿನವರ ಕಾಲು ತೊಳೆಯುತ್ತಾರೆ. ಹೀಗೆ ಬೋಗುಣಿ ಸುತ್ತು ಬರುತ್ತದೆ.

ಇದನ್ನು ನಾವು ಮನೆಯಲ್ಲಿ ಒಂದು ಸಲ ಮಾಡಿ ನೋಡಿದೆವು. ತಮ್ಮನ ಕಾಲು ತೊಳೆಯುವುದು ನನಗೆ ಹೊಸದೇನಲ್ಲ. ಅವನು ನನ್ನ ಕಾಲು ಹಿಡಿದಾಗ ಮಾತ್ರ ಮುಜುಗರವಾಗಿ ಎಳೆದುಕೊಂಡೆ. ನನ್ನ ಹಿಮ್ಮಡಿ ಒಡೆದಿತ್ತು, ಅದೊಂದು ನಾಚಿಕೆ ಬೇರೆ. ‘ಅಕ್ಕಾ, ಸುಮ್ನಿರು’ ಅಂತ ಗದರಿದ. ಬೆರಳು ಸಂದಿಯನ್ನೂ ಬಿಡದೆ ತೊಳೆದ. ಟವೆಲ್‌ನಲ್ಲಿ ಒರೆಸಿದ. ನಂತರ ಎದ್ದುಹೋಗಿ ಒಡೆದ ಹಿಮ್ಮಡಿಗೆ ಅಂತ ವ್ಯಾಸಲೀನ್ ಡಬ್ಬಿ ತಂದ. ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರ ಯಾಕೆ ಬೇಡ ಬೇಡ ಅಂದ ಅಂತ ನನಗೆ ಅವತ್ತು ಗೊತ್ತಾಯಿತು. ಸೇವೆ ಅಂದರೆ ನಾವು ಮಾಡುವುದು, ಅವರು ಮಾಡಿಸಿಕೊಳ್ಳುವುದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಬೋಗುಣಿ ಅವರ ಕೈಗೂ ಹೋಗಲಿ.

ಹೆನ್ರಿ ನವೆನ್ ಎಂಬ ಡಚ್ ಪಾದ್ರಿಯ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಯೇಲ್, ಹಾರ್ವರ್ಡ್‌ಗಳಲ್ಲಿ ಪಾಠ ಮಾಡಿದವರು. 1986ರಲ್ಲಿ ಅದೆಲ್ಲ ಬಿಟ್ಟು ಕೆನಡಾದ ಒಂದು ಲಾರ್ಶ್ ಮನೆಗೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಕೆಲಸ ಆಡಮ್ ಎಂಬ ಯುವಕನನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಶೇವ್ ಮಾಡಿ, ತಿಂಡಿ ತಿನ್ನಿಸುವುದು. ಆಡಮ್‌ಗೆ ಮಾತು ಬರುತ್ತಿರಲಿಲ್ಲ, ಮೂರ್ಛೆ ರೋಗ ಇತ್ತು. ಆ ಕೆಲಸಕ್ಕೆ ಸುಮಾರು ಎರಡು ಗಂಟೆ ಹಿಡಿಯುತ್ತಿತ್ತು. ಆಡಮ್ ತನ್ನ ಗುರು ಅಂತ ನವೆನ್ ಆಮೇಲೆ ಬರೆದರು. ನಿಜ ಹೇಳಲಾ, ಇಂಥ ಮಾತು ಕೇಳಿದರೆ ನನಗೆ ಸ್ವಲ್ಪ ಅನುಮಾನ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ತಾಯಂದಿರು ಪುಸ್ತಕ ಬರೆಯಲಿಲ್ಲ. ಆದರೆ ಆ ಎರಡು ಗಂಟೆಯನ್ನು ನಾನು ಒಪ್ಪುತ್ತೇನೆ. ಆತುರ ಪಟ್ಟರೆ ಆ ಕೆಲಸ ಆಗುವುದಿಲ್ಲ.

ಪ್ರಾಟೆಸ್ಟೆಂಟ್ ಸಭೆಯವರು ನಮ್ಮದೇನೂ ಇಲ್ವಾ ಅಂತ ಮುಖ ನೋಡುತ್ತಿದ್ದೀರಿ. ಇದೆ. ಬ್ರಿಟನ್ನಿನಲ್ಲಿ ಡೇವಿಡ್ ಪಾಟರ್ ಎಂಬ ಪಾಸ್ಟರ್ ಮತ್ತು ಅವರ ಹೆಂಡತಿ 1976ರಲ್ಲಿ ಒಂದು ಸಂಸ್ಥೆ ಶುರುಮಾಡಿದರು. ಅವರ ಮಗಳಿಗೆ ಡೌನ್ ಸಿಂಡ್ರೋಮ್ ಇತ್ತು. ಆ ಸಂಸ್ಥೆ ಮುಂದೆ ‘ಪ್ರಾಸ್ಪೆಕ್ಟ್ಸ್’ ಅಂತ ಹೆಸರಾಯಿತು. ಈಗ ಬ್ರಿಟನ್ನಿನ ಎಷ್ಟೋ ಸಭೆಗಳಲ್ಲಿ ದೊಡ್ಡವರಿಗಾಗಿಯೇ ಬೈಬಲ್ ಗುಂಪುಗಳಿವೆ. ಚಿಕ್ಕ ವಾಕ್ಯ, ದೊಡ್ಡ ಅಕ್ಷರ, ಪಕ್ಕದಲ್ಲಿ ಚಿತ್ರ. ಹಾಡಿಗೆ ಕೈಸನ್ನೆ. ‘ಮೆಕಟನ್’ ಎಂಬ ಸನ್ನೆಯ ಪದ್ಧತಿಯಲ್ಲಿ ಕರ್ತನ ಪ್ರಾರ್ಥನೆ ಹೇಳುವವರಿದ್ದಾರೆ. 1970ರ ದಶಕದಲ್ಲಿ ಮಾರ್ಗರೆಟ್ ವಾಕರ್ ಎಂಬ ವಾಕ್ ಚಿಕಿತ್ಸಕಿ, ಕ್ಯಾಥಿ, ಟೋನಿ ಎಂಬ ಇಬ್ಬರ ಜೊತೆ ಸೇರಿ ಮಾಡಿದ್ದು. ಮೂವರ ಹೆಸರಿನ ಮೊದಲ ಅಕ್ಷರಗಳು ಸೇರಿ ಆ ಹೆಸರು.

ಇದನ್ನು ನಾವು ಕನ್ನಡದಲ್ಲಿ ಮಾಡಬಹುದು. ದೊಡ್ಡ ಖರ್ಚೇನಿಲ್ಲ. ‘ನೀವು ಭೂಮಿಗೆ ಉಪ್ಪು’ ಅನ್ನುವ ಬೈಬಲ್ ಮಾತು ಓದುವ ದಿನ ಎಲ್ಲರ ಅಂಗೈಗೆ ಒಂದು ಚಿಟಿಕೆ ಕಲ್ಲುಪ್ಪು ಹಾಕಿ. ಉಪ್ಪಿಲ್ಲದ ಗಂಜಿ ಒಂದು ಚಮಚ, ಉಪ್ಪು ಹಾಕಿದ್ದು ಒಂದು ಚಮಚ ಕೊಡಿ. ಪ್ರಬೋಧನೆ ಮುಗಿಯಿತು. ಆದರೆ ದಯವಿಟ್ಟು ಕುರಿಮರಿಗೆ ಬಣ್ಣ ಹಚ್ಚುವ ಪುಸ್ತಕ ತರಬೇಡಿ. ಇವರಿಗೂ ದೊಡ್ಡವರ ಚಿಂತೆಗಳಿವೆ. ತಮ್ಮ ಒಮ್ಮೆ ಕೇಳಿದ, ‘ನನಗ್ಯಾಕೆ ಮದುವೆ ಮಾಡ್ಲಿಲ್ಲ?’ ಅದಕ್ಕೆ ಯಾವ ಕುರಿಮರಿಯ ಹತ್ತಿರ ಉತ್ತರ ಇದೆ? ನನ್ನ ಹತ್ತಿರವೂ ಇರಲಿಲ್ಲ. ‘ನಿನಗೆ ಬೇಜಾರಾ?’ ಅಂದೆ. ‘ಹೂಂ’ ಅಂದ. ಇಬ್ಬರೂ ಸ್ವಲ್ಪ ಹೊತ್ತು ಬೇಜಾರಾಗಿ ಕೂತೆವು.

ಇನ್ನೊಂದು ಕತೆ ಇದೆ. ಇದರಲ್ಲಿ ತಪ್ಪು ನನ್ನದೇ. ಆರು ವರ್ಷದ ಹಿಂದೆ ಅಮ್ಮ ಹೋದರು. ಮನೆ ತುಂಬ ಜನ. ‘ಅವನಿಗೆ ಗಾಬರಿ ಆಗುತ್ತೆ, ಪಕ್ಕದ ಮನೇಲಿ ಟಿವಿ ಹಾಕಿ ಕೂರಿಸಿ’ ಅಂದರು ಯಾರೋ. ನಾನು ಹೂಂ ಅಂದೆ. ಅವನು ಮಣ್ಣಿಗೆ ಬರಲಿಲ್ಲ. ಅಮ್ಮ ಎಲ್ಲಿ ಅಂತ ಕೇಳಿದಾಗ ‘ದೇವರ ಹತ್ತಿರ ಹೋಗಿದಾಳೆ’ ಅಂದೆವು. ಹೋದವರು ಬರಬೇಕಲ್ವಾ? ಅಮ್ಮನ ಹವಾಯಿ ಚಪ್ಪಲಿಯನ್ನು ದಿನಾ ಸಂಜೆ ಬಾಗಿಲ ಹತ್ತಿರ ಜೋಡಿಸಿಡುತ್ತಿದ್ದ. ರಾತ್ರಿ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಮೂರು ತಿಂಗಳು ಹೀಗೇ ನಡೆಯಿತು. ನಾವು ಹಟ ಅಂದುಕೊಂಡೆವು.

ಕೊನೆಗೆ ನಮ್ಮ ಗಾಯನ ತಂಡದ ಒಬ್ಬ ಆಂಟಿ ಅವನನ್ನು ನೇರ ಸಮಾಧಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ‘ಅಮ್ಮ ಸತ್ತುಹೋದಳು. ಅವಳ ಮೈ ಈ ಮಣ್ಣಿನ ಕೆಳಗಿದೆ. ಅವಳು ಮನೆಗೆ ಬರಲ್ಲ’ ಅಂದರು. ನನಗೆ ಎದೆ ಧಸಕ್ ಅಂತು. ಅವನು ಅಳಲಿಲ್ಲ. ಕೂತು ಕೈಯಿಂದ ಮಣ್ಣು ಮುಟ್ಟಿದ. ‘ಚಳಿ ಆಗಲ್ವಾ?’ ಅಂತ ಕೇಳಿದ. ‘ಸತ್ತವರಿಗೆ ಚಳಿ ಆಗಲ್ಲ’ ಅಂದರು ಆಂಟಿ. ನಾವು ಪರಲೋಕ ಪ್ರಾರ್ಥನೆ ಹೇಳಿದೆವು, ಅವನು ಒಂದು ಹಿಡಿ ಮಣ್ಣು ಹಾಕಿದ. ಮನೆಗೆ ಬಂದ ಮೇಲೆ ಅಳು ಶುರುವಾಯಿತು. ಎರಡು ದಿನ ಅತ್ತ. ಮೂರನೇ ದಿನ ಚಪ್ಪಲಿಯನ್ನು ತೊಳೆದು, ಒಣಗಿಸಿ, ಅಮ್ಮನ ಸೀರೆಗಳಿದ್ದ ಕಪಾಟಿನಲ್ಲಿಟ್ಟ. ಅವತ್ತು ರಾತ್ರಿ ಅವನೇ ಚಿಲಕ ಹಾಕಿದ.

ಈಗ ಪ್ರತಿ ನವೆಂಬರ್ 2ಕ್ಕೆ, ಸತ್ತವರನ್ನು ನೆನೆಯುವ ದಿನ, ಅವನಿಗೆ ಎರಡು ಪ್ಯಾಕೆಟ್ ಮೇಣದಬತ್ತಿ ಕೊಡಿಸಬೇಕು. ಒಂದು ಅಮ್ಮನಿಗೆ. ಇನ್ನೊಂದು ಪ್ಯಾಕೆಟ್ ಯಾರೂ ಬಾರದ ಸಮಾಧಿಗಳಿಗೆ. ಯಾವುದಕ್ಕೆ ಯಾರೂ ಬಂದಿಲ್ಲ ಅಂತ ಕತ್ತಲಾಗುವವರೆಗೆ ಕಾದು ನೋಡುತ್ತಾನೆ. ಇದನ್ನೂ ಯಾರೂ ಹೇಳಿಕೊಟ್ಟಿದ್ದಲ್ಲ.

ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನ ಒಬ್ಬ ತಾಯಿ ಎದ್ದು ನಿಂತರು. ಮಗಳಿಗೆ 35 ವರ್ಷವಂತೆ. ‘ಎಲ್ಲಾ ಸರಿ ಮೇಡಂ, ನಾನು ಹೋದ ಮೇಲೆ ಯಾರು?’ ಅಂದರು. ಹಾಲ್ ಒಂದು ಕ್ಷಣ ಸುಮ್ಮನಾಯಿತು. ನಾನು ಇಂಥವರಿಗಾಗಿ ಇರುವ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ವಿಷಯ ಹೇಳಿದೆ. 1999ರ ಕಾಯ್ದೆ ಪ್ರಕಾರ, 18 ದಾಟಿದವರಿಗೂ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸಿಕೊಳ್ಳಬಹುದು. ನಿರಾಮಯ ಅಂತ ಒಂದು ಲಕ್ಷದವರೆಗಿನ ಆರೋಗ್ಯ ವಿಮೆ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಡಿ ಅಂದೆ. ಅವರು ಚೀಟಿಯಲ್ಲಿ ಬರೆದುಕೊಂಡರು. ‘ಇದೆಲ್ಲ ಕಾಗದ ಆಯ್ತು’ ಅಂದರು. ಹೌದು, ಕಾಗದ. ಅರ್ಜಿ ತುಂಬಲು ನಮ್ಮಲ್ಲಿ ಇಬ್ಬರು ಜೊತೆಗೆ ಬರುತ್ತೇವೆ, ಮುಂದಿನ ಭಾನುವಾರ ನಿಮ್ಮ ಮಗಳನ್ನೂ ಕರೆದುಕೊಂಡು ಬನ್ನಿ ಅಂದೆ. ಅವಳಿಗೆ ಏನು ಕೆಲಸ ಇಷ್ಟ ಅಂತ ಕೇಳಿದೆ. ‘ಹೂ ಕಟ್ತಾಳೆ’ ಅಂದರು. ನಮ್ಮ ಪೀಠಕ್ಕೆ ಪ್ರತಿ ವಾರ ಮಾರ್ಕೆಟ್ಟಿನಿಂದ ಕಟ್ಟಿದ ಹೂವೇ ತರುತ್ತಿದ್ದೇವೆ. ಬಿಡಿ ಹೂ ತಂದರೆ ಆಯಿತು.

ಇನ್ನೂ ಒಂದೆರಡು ಕೈ ಮೇಲಿದ್ದವು. ಆದರೆ ತಮ್ಮ ಆಗಲೇ ಹಿಂದಿನ ಸಾಲಿನಿಂದ ಕುರ್ಚಿ ಪೇರಿಸಲು ಶುರುಮಾಡಿದ್ದ. ಎದ್ದು ನಿಂತಿದ್ದ ಆ ತಾಯಿಯ ಕುರ್ಚಿ ಹೋಗಿಯೇ ಬಿಟ್ಟಿತ್ತು. ಫಾದರ್ ವಂದನಾರ್ಪಣೆಯ ಕಾಗದ ತೆಗೆದು ಓದಲು ನೋಡಿದರು. ಅವನು ಬಂದು ಅವರ ಪಕ್ಕ ನಿಂತು, ‘ಫಾದರ್, ಏಳಿ’ ಅಂದ. ಎದ್ದರು.